ಅಪ್ಪನ ಹಳೇ ಹಾರ್ಡ್ ಡಿಸ್ಕಿನಲ್ಲಿ ಏನೇನೋ ಬಾಲದ ಫೈಲುಗಳು: ತೆರೆಯುವುದು ಹೇಗೆ?

ಪ್ರಶ್ನೆ: ನಮ್ಮ ತಂದೆ ಮಂಡ್ಯದಲ್ಲಿ ಡಿಟಿಪಿ ಸೆಂಟರ್ ಇಟ್ಟಿದ್ದರು. ಲಗ್ನಪತ್ರಿಕೆ, ಕರಪತ್ರ, ಸಂಘಗಳ ವಾರ್ಷಿಕ ವರದಿ ಎಲ್ಲ ಮಾಡಿಕೊಡುತ್ತಿದ್ದರು. ಅಂಗಡಿ ಮುಚ್ಚಿ ಎಂಟು ವರ್ಷ ಆಯಿತು. ಮೊನ್ನೆ ಅವರ ಹಳೇ ಹಾರ್ಡ್ ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಫೈಲುಗಳ ಹೆಸರಿನ ಕೊನೆಗೆ ಪಿ65, ಪಿಎಂಡಿ, ಸಿಡಿಆರ್, ಬಿಆರ್‌ಎಚ್, ಡಿಎಟಿ ಅಂತೆಲ್ಲ ಬಾಲಗಳಿವೆ. ಯಾವುದನ್ನು ಒತ್ತಿದರೂ 'ಇದನ್ನು ಯಾವುದರಲ್ಲಿ ತೆರೆಯಲಿ' ಅಂತ ಕಂಪ್ಯೂಟರೇ ನನ್ನನ್ನು ಕೇಳುತ್ತದೆ. ವರ್ಡ್ ಫೈಲುಗಳು ತೆರೆಯುತ್ತವೆ, ಆದರೆ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಅಕ್ಷರ. ಒಂದು ಫೈಲಿಗಂತೂ ಬಾಲವೇ ಇಲ್ಲ. ಹೆಸರು ಬರೀ 'ಅಜ್ಜಿ'. ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲಿಗೆ ಇಂಗ್ಲಿಷಿನ ಪಿ, ಕೆ ಎಂಬ ಎರಡು ಅಕ್ಷರ, ಆಮೇಲೆ ಬರೀ ಕಸ. 'ಎಲ್ಲಾ ಫೈಲ್ ತೆರೆಯುವ ಸಾಫ್ಟ್‌ವೇರ್' ಅಂತ ಒಂದು ಜಾಹೀರಾತು ಬರುತ್ತಿದೆ. ಹಾಕಿಕೊಳ್ಳಬಹುದೇ?

ಉತ್ತರ: ಕೊನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಬೇಡ. ಎಲ್ಲಾ ಫೈಲನ್ನೂ ತೆರೆಯುವ ಸಾಫ್ಟ್‌ವೇರ್ ಅಂತ ಒಂದಿಲ್ಲ. ಹಾಗಂತ ಹೇಳಿಕೊಂಡು ಬರುವವು ಹೆಚ್ಚಾಗಿ ಜಾಹೀರಾತು ಸುರಿಯುತ್ತವೆ. ಇಲ್ಲಾಂದ್ರೆ 'ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ದೋಷಗಳಿವೆ' ಅಂತ ಹೆದರಿಸಿ ದುಡ್ಡು ಕೇಳುತ್ತವೆ. ನಿಮ್ಮ ಕೆಲಸಕ್ಕೆ ಮುಖ್ಯವಾಗಿ ಬೇಕಾಗುವುದು ಲಿಬ್ರೆಆಫೀಸ್, ವಿಎಲ್‌ಸಿ, 7-ಜಿಪ್, ಇಂಕ್‌ಸ್ಕೇಪ್. ನಾಲ್ಕೂ ಉಚಿತ. ಅವುಗಳ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವ ಜಾಹೀರಾತನ್ನು ಒತ್ತಬೇಡಿ.

ಇನ್ನೊಂದು ಕೆಲಸ ಇದೆ, ಅದು ಮುಗಿಯುವ ತನಕ ಯಾವ ಫೈಲನ್ನೂ ಮುಟ್ಟಬೇಡಿ. ಡಿಸ್ಕಿನಲ್ಲಿರುವುದನ್ನೆಲ್ಲ ಬೇರೆ ಕಡೆ ಕಾಪಿ ಮಾಡಿ. ಎಂಟು ವರ್ಷ ಅಟ್ಟದ ಮೇಲಿದ್ದ ಡಿಸ್ಕು ಇನ್ನೆಷ್ಟು ಸಲ ತಿರುಗುತ್ತದೋ ಯಾರಿಗೂ ಗೊತ್ತಿಲ್ಲ. ಟಕ್ ಟಕ್ ಅಂತ ಸದ್ದು ಬರುತ್ತಿದ್ದರೆ ತಕ್ಷಣ ತೆಗೆದು, ರಿಕವರಿ ಮಾಡುವವರ ಕೈಗೆ ಕೊಡಿ. ಮುಂದೆ ಹೇಳುವುದನ್ನೆಲ್ಲ ಕಾಪಿಯ ಮೇಲೆ ಮಾತ್ರ ಮಾಡಿ.

ಸರಿ, ಈಗ ಬಾಲದ ವಿಷಯ. ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕಿ ಆದಮೇಲೆ ಬರುವುದನ್ನು ಎಕ್ಸ್‌ಟೆನ್ಷನ್ ಅನ್ನುತ್ತಾರೆ. ನಮ್ಮ ಮನೆಯ ಅಡುಗೆಮನೆಗೆ ಬಂದು ನೋಡಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಕಡಲೆಬೇಳೆ, ಬೋರ್ನ್‌ವಿಟಾ ಡಬ್ಬಿಯಲ್ಲಿ ಸಾಸಿವೆ. ಮನೆಯವರಿಗೆ ಗೊತ್ತು. ಹೊರಗಿನವರು ಚೀಟಿ ನಂಬಿ ಹಾಲಿಗೆ ಒಂದು ಚಮಚ ಹಾಕಿಕೊಂಡರೆ ಕಥೆ ಮುಗಿಯಿತು. ಎಕ್ಸ್‌ಟೆನ್ಷನ್ ಅಂದರೆ ಆ ಚೀಟಿ. ಯಾರು ಬೇಕಾದರೂ ಅಂಟಿಸಬಹುದು, ಕೀಳಬಹುದು, ಬದಲಿಸಬಹುದು. ಒಳಗಿನ ಪದಾರ್ಥ ಮಾತ್ರ ಅದೇ ಇರುತ್ತದೆ. ವಿಂಡೋಸ್ ಚೀಟಿ ಓದುತ್ತದೆಯೇ ಹೊರತು ಡಬ್ಬಿ ತೆರೆದು ನೋಡುವುದಿಲ್ಲ. ಲಿನಕ್ಸಿನಲ್ಲಿ 'ಫೈಲ್' ಅಂತಲೇ ಒಂದು ಆಜ್ಞೆ ಇದೆ, ಅದು ಒಳಗೆ ಇಣುಕಿ ಹೇಳುತ್ತದೆ. ನಾವು ಕೈಯಲ್ಲೇ ಇಣುಕುವುದು ಹೇಗೆ ಅಂತ ಆಮೇಲೆ ನೋಡೋಣ.

ಆ ಚೀಟಿಯನ್ನೂ ವಿಂಡೋಸ್ ಮುಚ್ಚಿಡುತ್ತದೆ ಅನ್ನುವುದು ನನ್ನ ಹಳೇ ಸಿಟ್ಟು. ತನಗೆ ಗೊತ್ತಿರುವ ಬಗೆಯ ಫೈಲಾದರೆ ಬಾಲ ತೋರಿಸುವುದೇ ಇಲ್ಲ. ಮೊದಲು ಅದನ್ನು ಸರಿ ಮಾಡಿಕೊಳ್ಳಿ. ವಿಂಡೋಸ್ 11 ಆದರೆ ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ, ಅದರೊಳಗೆ ಶೋ, ಅದರೊಳಗೆ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್. ವಿಂಡೋಸ್ 10ರಲ್ಲಿ ವ್ಯೂ ಪಟ್ಟಿಯಲ್ಲೇ ಅದೇ ಹೆಸರಿನ ಚೌಕ ಇರುತ್ತದೆ, ಟಿಕ್ ಹಾಕಿ. ನನ್ನ ಅಂಗಡಿಗೆ ಯಾವ ಕಂಪ್ಯೂಟರ್ ಬಂದರೂ, ಕೇಳಲಿ ಬಿಡಲಿ, ಇದೊಂದನ್ನು ಮಾಡಿಯೇ ಕಳಿಸುತ್ತೇನೆ.

ನಿಮ್ಮ ತಂದೆಯ ಫೈಲುಗಳಲ್ಲಿ ಕೆಲವಕ್ಕೆ ಆರೇ ಅಕ್ಷರದ ಹೆಸರು, ಅದರ ಪಕ್ಕ ಅಲೆಗೀಟು, ಆಮೇಲೆ 1 ಅಂತ ಕಂಡರೆ ಗಾಬರಿ ಬೇಡ. ವಿಂಡೋಸಿಗೂ ಮುಂಚಿನ ಡಾಸ್ ಕಾಲದಲ್ಲಿ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು, ಅಷ್ಟೇ ಜಾಗ. 1995ರ ವಿಂಡೋಸಿನಿಂದ 255 ಅಕ್ಷರದವರೆಗೆ ಹೆಸರಿಡಬಹುದಾಯಿತು. ಉದ್ದ ಹೆಸರಿನ ಫೈಲು ಹಳೇ ಸಾಫ್ಟ್‌ವೇರಿನ ಕೈಗೆ ಸಿಕ್ಕಾಗ ಹೀಗೆ ಮೊಟಕಾಗುತ್ತಿತ್ತು. ಒಳಗಿರುವುದಕ್ಕೆ ಏನೂ ಆಗಿರುವುದಿಲ್ಲ.

ಈಗ ಒಂದೊಂದಾಗಿ ಬರೋಣ.

ಪಿ65 ಮತ್ತು ಪಿಎಂಡಿ ಎರಡೂ ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ಸಾಫ್ಟ್‌ವೇರಿನ ಫೈಲುಗಳು. ಪಿ65 ಅಂದರೆ 6.5ನೇ ಆವೃತ್ತಿ, ಪಿಎಂಡಿ ಅಂದರೆ 7. ಆಲ್ಡಸ್ ಎಂಬ ಕಂಪನಿ 1985ರಲ್ಲಿ ಇದನ್ನು ತಂದಿತು. 1994ರಲ್ಲಿ ಅಡೋಬಿ ಆ ಕಂಪನಿಯನ್ನೇ ಕೊಂಡಿತು. 2001ರಲ್ಲಿ ಬಂದ 7ನೇ ಆವೃತ್ತಿಯೇ ಕೊನೆಯದು. ಅಡೋಬಿಯವರು ಇನ್‌ಡಿಸೈನ್ ಎಂಬ ತಮ್ಮ ಇನ್ನೊಂದು ಪುಟ ಜೋಡಿಸುವ ಸಾಫ್ಟ್‌ವೇರಿನ ಕಡೆ ತಿರುಗಿದರು. ಆದರೆ ನಮ್ಮ ಕಡೆಯ ಡಿಟಿಪಿಯವರು ಪೇಜ್‌ಮೇಕರನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಕೈಗೆ ಒಗ್ಗಿದ ಕುಡುಗೋಲು ಅದು.

ಲಿಬ್ರೆಆಫೀಸಿನಲ್ಲಿರುವ ಡ್ರಾ ಎಂಬ ಭಾಗ ಈ ಫೈಲುಗಳನ್ನು ತೆರೆಯುತ್ತದೆ. ಆದರೆ ಸಾಲುಗಳು ಅಲ್ಲಿ ಇಲ್ಲಿ ಜರುಗಿರುತ್ತವೆ. ಯಾವ ಫೈಲಿನಲ್ಲಿ ಏನಿದೆ ಅಂತ ತಿಳಿಯಲು ಸಾಕು, ಮತ್ತೆ ಅಚ್ಚು ಹಾಕಿಸಲು ಸಾಲದು. ಇನ್‌ಡಿಸೈನಿನ ಹಳೇ ಆವೃತ್ತಿಗಳು, ಅಂದರೆ ಸಿಎಸ್6ರವರೆಗಿನವು ಚೆನ್ನಾಗಿ ತೆರೆಯುತ್ತವೆ. ಅದಾದ ಮೇಲಿನವು ತೆರೆಯುವುದಿಲ್ಲ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಸುಲಭದ ದಾರಿ ಬೇರೆಯೇ ಇದೆ. ನಿಮ್ಮ ತಂದೆಯ ಹಳೇ ಸ್ನೇಹಿತರಲ್ಲಿ ಪ್ರೆಸ್ ಇಟ್ಟವರು ಯಾರಾದರೂ ಇದ್ದೇ ಇರುತ್ತಾರೆ. ಮೈಸೂರಿನಲ್ಲಿ ನಾನು ರಿಪೇರಿಗೆ ಹೋಗುವ ಪ್ರೆಸ್ಸುಗಳಲ್ಲಿ ಕೆಲವರು ಇವತ್ತಿಗೂ ಮೂಲೆಯಲ್ಲೊಂದು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರನ್ನು ಬಟ್ಟೆ ಹೊದಿಸಿ ಇಟ್ಟುಕೊಂಡಿದ್ದಾರೆ, ಇದಕ್ಕೋಸ್ಕರವೇ. ಅಲ್ಲಿ ಪೇಜ್‌ಮೇಕರ್ ಇರುತ್ತದೆ, ಫಾಂಟೂ ಇರುತ್ತದೆ. ಒಂದು ಮಧ್ಯಾಹ್ನ ಕೂತು, ಬೇಕಾದವನ್ನೆಲ್ಲ ಪಿಡಿಎಫ್ ಮಾಡಿಸಿಕೊಂಡು ಬನ್ನಿ. ಪಿಡಿಎಫಿನೊಳಗೇ ಫಾಂಟೂ ಸೇರಿಕೊಳ್ಳುವಂತೆ ಮಾಡಿ ಅಂತ ಹೇಳುವುದನ್ನು ಮರೆಯಬೇಡಿ.

ಸಿಡಿಆರ್ ಕೋರಲ್‌ಡ್ರಾ ಫೈಲು. ಲಗ್ನಪತ್ರಿಕೆ, ಫ್ಲೆಕ್ಸು ಎಲ್ಲ ಅದರಲ್ಲೇ. ಇಂಕ್‌ಸ್ಕೇಪಿನಲ್ಲಾಗಲಿ ಲಿಬ್ರೆಆಫೀಸ್ ಡ್ರಾದಲ್ಲಾಗಲಿ ತೆರೆದು ನೋಡಬಹುದು. ಇಲ್ಲೊಂದು ತೊಡಕಿದೆ. ಹೊಸ ಕೋರಲ್‌ನಲ್ಲಿ ಉಳಿಸಿದ ಫೈಲನ್ನು ಹಳೇ ಕೋರಲ್ ತೆರೆಯುವುದಿಲ್ಲ. ಬೇರೆ ಯಾರಿಗಾದರೂ ಕೊಡುವುದಾದರೆ ಅವರ ಹತ್ತಿರ ಯಾವ ಆವೃತ್ತಿ ಇದೆ ಅಂತ ಕೇಳಿ, ಉಳಿಸುವಾಗ ಆ ಆವೃತ್ತಿಯನ್ನೇ ಆರಿಸಿ.

ಬಿಆರ್‌ಎಚ್ ಅಂದರೆ 'ಬರಹ' ಸಾಫ್ಟ್‌ವೇರಿನ ಫೈಲು. 1998ರಲ್ಲಿ ಬಂದದ್ದು, ಕನ್ನಡ ಟೈಪ್ ಮಾಡಲು ಎಷ್ಟೋ ಜನ ಕಲಿತದ್ದೇ ಅದರಲ್ಲಿ. ಬರಹದಲ್ಲೇ ತೆರೆಯಿರಿ, ಅಲ್ಲಿಂದಲೇ ಯೂನಿಕೋಡಿಗೆ, ಅಂದರೆ ಈಗಿನ ಕಂಪ್ಯೂಟರು, ಫೋನುಗಳೆಲ್ಲ ಓದುವ ಅಕ್ಷರಗಳ ಲೆಕ್ಕಕ್ಕೆ, ಬದಲಿಸಿ ಉಳಿಸಿಕೊಳ್ಳಿ. ಇದರಲ್ಲಿ ಜಾಸ್ತಿ ತಲೆನೋವಿಲ್ಲ.

ತಲೆನೋವು ಇರುವುದು ಆ ವರ್ಡ್ ಫೈಲುಗಳಲ್ಲಿ. ಬಾಲ ಸರಿಯಿದೆ, ಫೈಲೂ ತೆರೆಯುತ್ತದೆ, ಆದರೂ ಓದಲು ಆಗುವುದಿಲ್ಲ. ಯಾಕೆ? ಒಂದು ಪದವನ್ನೇ ಹತ್ತಿರದಿಂದ ನೋಡಿ. 'ಕನ್ನಡ' ಎಂಬ ಪದವಿರುವ ಜಾಗದಲ್ಲಿ ನಿಮಗೆ ಕಾಣುತ್ತಿರುವುದು ಬಹುಶಃ ಹೀಗೆ: ಮೊದಲು ದೊಡ್ಡ ಪಿ, ಪಕ್ಕದಲ್ಲಿ ನೆತ್ತಿಯ ಮೇಲೆ ಗೀಟಿರುವ ಎ, ಆಮೇಲೆ ಪೌಂಡ್ ರೊಕ್ಕದ ಗುರುತು, ಮತ್ತೆ ಅದೇ ಗೀಟಿನ ಎ, ನೋಡಲು ಬಿ ಥರ ಇರುವ ಒಂದು ಜರ್ಮನ್ ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಇದು ಕಸ ಅಲ್ಲ. ಗೀಟಿನ ಎ ಅಂದರೆ ನಮ್ಮ ತಲೆಕಟ್ಟು! ಪಿ ಅಂದರೆ ತಲೆಕಟ್ಟಿಲ್ಲದ ಕ, ಪೌಂಡ್ ಅಂದರೆ ತಲೆಕಟ್ಟಿಲ್ಲದ ನ, ಆ ಜರ್ಮನ್ ಅಕ್ಷರ ನಕಾರದ ಒತ್ತು, ಕ್ಯೂ ಅಂದರೆ ಡ. ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಅಂತ ಬೇರೆ ಜಾಗ ಬಳಕೆಗೆ ಬರುವ ಮುಂಚೆ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಖಾನೆಗಳಲ್ಲೇ ನಮ್ಮ ಅಕ್ಷರದ ತುಂಡುಗಳನ್ನು ಕೂರಿಸಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡು.

ಇದು ನುಡಿ ಫಾಂಟಿನ ಲೆಕ್ಕ. ಕನ್ನಡ ಗಣಕ ಪರಿಷತ್ತಿನವರ ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟುಗಳನ್ನು (ಹೀಗೆ ಇಂಗ್ಲಿಷ್ ಖಾನೆಗಳಲ್ಲಿ ಕನ್ನಡ ಕೂರಿಸಿದವನ್ನು ಹಾಗೆ ಕರೆಯುತ್ತಾರೆ) ಹಾಕಿಕೊಳ್ಳಿ, ಫೈಲನ್ನು ಮತ್ತೆ ತೆರೆಯಿರಿ. ಪುಟ ಪೂರ್ತಿ ಕನ್ನಡಕ್ಕೆ ತಿರುಗಿಬಿಡುತ್ತದೆ. ಮೊದಲ ಸಲ ನೋಡುವವರಿಗೆ ಅದೊಂದು ಮಜಾ. ಬರಹದ ಬಿಆರ್‌ಎಚ್ ಕನ್ನಡ ಫಾಂಟುಗಳದ್ದೂ ಇದೇ ಲೆಕ್ಕವಾದ್ದರಿಂದ ಒಂದರ ಬದಲು ಇನ್ನೊಂದು ನಡೆಯುತ್ತದೆ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಫಾಂಟುಗಳು ಮಾತ್ರ ಬೇರೆ. ಅದರ ಖಾನೆಗಳ ಲೆಕ್ಕವೇ ಬೇರೆ. ಶ್ರೀಲಿಪಿಯಲ್ಲಿ ಮಾಡಿದ್ದಕ್ಕೆ ನುಡಿ ಫಾಂಟ್ ತೊಡಿಸಿದರೆ ಕನ್ನಡ ಅಕ್ಷರವೇನೋ ಬರುತ್ತದೆ, ಅರ್ಥ ಮಾತ್ರ ಇರುವುದಿಲ್ಲ. ವರ್ಡಿನಲ್ಲಿ ಆ ಅಕ್ಷರಗಳ ಮೇಲೆ ಕರ್ಸರ್ ಇಟ್ಟರೆ ಮೇಲಿನ ಪೆಟ್ಟಿಗೆಯಲ್ಲಿ ಫಾಂಟಿನ ಹೆಸರು ಕಾಣುತ್ತದೆ, ಊಹೆ ಮಾಡಬೇಕಾಗಿಲ್ಲ. ಓದಲು ಬಂದ ಮೇಲೆ ಹಾಗೇ ಬಿಡಬೇಡಿ. ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಕನ್ವರ್ಟರಿನಲ್ಲಿ ಹಾಕಿ ತೆಗೆದಿಟ್ಟುಕೊಳ್ಳಿ. ಆಗ ಫೋನಿನಲ್ಲೂ ಓದಬಹುದು, ಪದ ಕೊಟ್ಟು ಹುಡುಕಲೂ ಆಗುತ್ತದೆ. ಬದಲಿಸಿದ ಮೇಲೆ ಅರ್ಕಾವತ್ತು, ಅಂಕಿಗಳು, ಹೆಸರುಗಳನ್ನು ಒಂದು ಸಲ ಕಣ್ಣಾಡಿಸಿ ನೋಡಿ. ಅಲ್ಲೇ ಎಡವಟ್ಟಾಗುವುದು.

ಡಿಎಟಿ ಅನ್ನುವ ಬಾಲ ಏನೂ ಹೇಳುವುದಿಲ್ಲ. ಡೇಟಾ ಅನ್ನುವುದನ್ನು ಚಿಕ್ಕದು ಮಾಡಿದ್ದಾರೆ, ಯಾವ ಸಾಫ್ಟ್‌ವೇರ್ ಬೇಕಾದರೂ ಇಟ್ಟುಕೊಳ್ಳಬಹುದು. ಇಂಥ ಕಡೆ ಫೈಲು ಯಾವ ಫೋಲ್ಡರಿನಲ್ಲಿ ಕೂತಿದೆ ಅಂತ ನೋಡಬೇಕು. ಎಂಪಿಇಜಿಎವಿ ಎಂಬ ಫೋಲ್ಡರಿನಲ್ಲಿ ಎವಿಎಸ್‌ಇಕ್ಯೂ01 ಅಂತ ಹೆಸರಿದ್ದರೆ ಅದು ವಿಡಿಯೋ ಸಿಡಿಯಿಂದ ಕಾಪಿ ಮಾಡಿದ್ದು. ಮನೆಮನೆಯಲ್ಲೂ ಇದ್ದ ಮದುವೆ ಸಿಡಿಗಳೆಲ್ಲ ಇದೇ ಅಲ್ವಾ? ವಿಎಲ್‌ಸಿಯಲ್ಲಿ ಹಾಕಿ, ಓಡುತ್ತದೆ. ಹೆಸರು ವಿನ್‌ಮೇಲ್ ಅಂತಿದ್ದರೆ ಅದು ವಿಡಿಯೋ ಅಲ್ಲ, ಔಟ್‌ಲುಕ್‌ನಿಂದ ಬಂದ ಇಮೇಲಿನ ಲಗತ್ತು. ಎರಡಕ್ಕೂ ಚೀಟಿ ಒಂದೇ.

ಇನ್ನು ಡಬ್ಬಿ ತೆರೆದು ಮೂಸುವ ವಿಷಯ. ಹೆಚ್ಚಿನ ಫೈಲುಗಳ ಮೊದಲ ಕೆಲವು ಅಕ್ಷರಗಳಲ್ಲೇ ಅವುಗಳ ಕುಲಗೋತ್ರ ಇರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಸಾಲನ್ನಷ್ಟೇ ನೋಡಿ. ಶೇಕಡಾ ಗುರುತು, ಅದರ ಹಿಂದೆಯೇ ಪಿಡಿಎಫ್ ಅಂತಿದ್ದರೆ ಪಿಡಿಎಫ್. ಜಿಐಎಫ್89ಎ ಅಂದರೆ ಜಿಫ್ ಚಿತ್ರ. ಎರಡನೇ ಅಕ್ಷರದಿಂದ ಪಿಎನ್‌ಜಿ ಅಂತಿದ್ದರೆ ಪಿಎನ್‌ಜಿ ಚಿತ್ರ. ಮೊದಲ ಸಾಲಿನಲ್ಲಿ ಜೆಎಫ್‌ಐಎಫ್ ಅಥವಾ ಎಕ್ಸಿಫ್ ಅಂತ ಕಂಡರೆ ಸಾಮಾನ್ಯವಾಗಿ ಜೆಪಿಜಿ ಫೋಟೋ. ಎಸಿ1015 ಥರ ಏನಾದರೂ ಇದ್ದರೆ ಆಟೋಕ್ಯಾಡಿನ ಡಿಡಬ್ಲ್ಯುಜಿ, ಅಂದರೆ ಮನೆ ಪ್ಲಾನು. ಆ ಅಂಕಿ ನೋಡಿದರೆ ಯಾವ ಆವೃತ್ತಿ ಅಂತಲೂ ತಿಳಿಯುತ್ತದೆ, 1015 ಅಂದರೆ ಆಟೋಕ್ಯಾಡ್ 2000ದ್ದು. ಎಂ, ಜೆಡ್ ಅಂತ ಶುರುವಾದರೆ ಅದು ಓಡಿಸುವ ಪ್ರೋಗ್ರಾಂ. ಡಾಸ್ ಕಟ್ಟಿದವರಲ್ಲಿ ಒಬ್ಬರಾದ ಮಾರ್ಕ್ ಜ್ಬಿಕೋವ್‌ಸ್ಕಿಯವರ ಹೆಸರಿನ ಮೊದಲ ಅಕ್ಷರಗಳು ಅವು. ಫೋಟೋ ಅಂತ ಹೇಳಿಕೊಂಡು ಬಂದ ಫೈಲಿನ ತಲೆಯಲ್ಲಿ ಎಂ, ಜೆಡ್ ಕಂಡರೆ ಆ ಕ್ಷಣವೇ ಅಳಿಸಿ.

ನೋಡಿದ ಮೇಲೆ ನೋಟ್‌ಪ್ಯಾಡನ್ನು ಸುಮ್ನೆ ಮುಚ್ಚಿ. ಸೇವ್ ಮಾಡಬೇಡಿ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಒಂದು ಸಂಘದವರ ಲೆಕ್ಕದ ಫೈಲನ್ನು ಹೀಗೇ ಇಣುಕಿ ನೋಡುತ್ತಿದ್ದೆ. ಬೆರಳಿಗೆ ಅಭ್ಯಾಸ, ಕಂಟ್ರೋಲ್ ಎಸ್ ಒತ್ತಿಬಿಟ್ಟೆ. ನೋಟ್‌ಪ್ಯಾಡಿಗೆ ಅರ್ಥವಾಗದ ಅಕ್ಷರಗಳನ್ನೆಲ್ಲ ಅದು ತನಗೆ ತೋಚಿದಂತೆ ಬದಲಿಸಿ ಬರೆಯಿತು, ಫೈಲು ಹೋಯಿತು. ಅವರ ಮನೆಯ ಕಂಪ್ಯೂಟರಿನಲ್ಲಿ ಇನ್ನೊಂದು ಪ್ರತಿ ಇತ್ತು, ಬಚಾವಾದೆ. ಮೇಲೆ 'ಕಾಪಿಯ ಮೇಲೆ ಮಾತ್ರ' ಅಂತ ಒತ್ತಿ ಹೇಳಿದ್ದು ಅದಕ್ಕೇ.

ಇನ್ನೊಂದು ತಪ್ಪು ಎಲ್ಲರೂ ಮಾಡುತ್ತಾರೆ. 'ಯಾವುದರಲ್ಲಿ ತೆರೆಯಲಿ' ಅಂತ ಕೇಳಿದಾಗ ಯಾವುದೋ ಒಂದನ್ನು ಆರಿಸಿ, 'ಯಾವಾಗಲೂ' ಅನ್ನುವುದನ್ನು ಒತ್ತಿಬಿಡುತ್ತಾರೆ. ಅಲ್ಲಿಂದ ಆ ಬಾಲದ ಫೈಲುಗಳೆಲ್ಲ ಅದರಲ್ಲೇ ತೆರೆಯಲು ಹೋಗಿ ಸೋಲುತ್ತವೆ. 'ನನ್ನ ಫೈಲೆಲ್ಲ ಹಾಳಾಗಿದೆ' ಅಂತ ಬರುವವರಲ್ಲಿ ಎಷ್ಟೋ ಜನರದ್ದು ಇಷ್ಟೇ ಕಥೆ. ಗುರುತಿಸುವ ತನಕ 'ಈ ಸಲ ಮಾತ್ರ' ಅನ್ನುವುದನ್ನೇ ಆರಿಸಿ.

ಬಾಲ ಬದಲಿಸಿದರೆ ಫೈಲೂ ಬದಲಾಗುತ್ತದೆ ಅಂತ ಕೆಲವರು ನಂಬಿದ್ದಾರೆ. ಇಲ್ಲ. ಎಂಪಿ4 ಅಂತಿರುವುದನ್ನು ಎಂಪಿ3 ಅಂತ ತಿದ್ದಿದರೆ ವಿಡಿಯೋ ಹಾಡಾಗುವುದಿಲ್ಲ, ಚೀಟಿ ಮಾತ್ರ ಸುಳ್ಳಾಗುತ್ತದೆ. ಚೀಟಿ ಮೊದಲೇ ಸುಳ್ಳಾಗಿದ್ದಾಗ ಮಾತ್ರ ತಿದ್ದುವುದರಲ್ಲಿ ಅರ್ಥವಿದೆ. ಕೆಲವು ಜಾಲತಾಣಗಳಿಂದ ಇಳಿಸಿದ ಎಕ್ಸ್‌ಎಲ್‌ಎಸ್ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯುವಾಗ 'ಬಾಲಕ್ಕೂ ಒಳಗಿರುವುದಕ್ಕೂ ಹೊಂದುತ್ತಿಲ್ಲ' ಅಂತ ಎಚ್ಚರಿಕೆ ಬರುತ್ತದಲ್ಲ, ಅದರೊಳಗೆ ನಿಜಕ್ಕೂ ಇರುವುದು ಒಂದು ವೆಬ್ ಪುಟದ ಕೋಷ್ಟಕ. ಜೆಎಫ್‌ಐಎಫ್ ಬಾಲದ ಚಿತ್ರವೂ ಜೆಪಿಜಿಯೇ. ಅದನ್ನು ಧೈರ್ಯವಾಗಿ ಜೆಪಿಜಿ ಅಂತ ತಿದ್ದಿಕೊಳ್ಳಿ.

ಲಗ್ನಪತ್ರಿಕೆಯ ಮಾತು ಬಂತಲ್ಲ, ನೀವು ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ. ನಿಮ್ಮ ತಂದೆಯ ಕಾಲದಲ್ಲಿ ಕರೆಯೋಲೆಗೆ ಪಿ65, ಸಿಡಿಆರ್ ಬಾಲಗಳಿದ್ದವು. ಈಗ ವಾಟ್ಸಾಪಿನಲ್ಲಿ 'ಮದುವೆ ಕರೆಯೋಲೆ' ಅಂತಲೇ ಎಪಿಕೆ ಬಾಲದ ಫೈಲು ಬರುತ್ತದೆ. ಎಪಿಕೆ ಅಂದರೆ ಆಂಡ್ರಾಯ್ಡ್ ಆ್ಯಪು. ಕರೆಯೋಲೆ ಚಿತ್ರವಾಗಿ ಬರಬಹುದು, ಪಿಡಿಎಫ್ ಆಗಿ ಬರಬಹುದು, ವಿಡಿಯೋ ಆಗಿ ಬರಬಹುದು. ಆ್ಯಪಾಗಿ ಯಾಕೆ ಬರಬೇಕು? ಹಾಕಿಕೊಂಡರೆ ಮೆಸೇಜ್ ಓದುವ ಅನುಮತಿ ಕೇಳುತ್ತದೆ, ಕೊಟ್ಟರೆ ಬ್ಯಾಂಕಿನ ಒಟಿಪಿ ಕಳ್ಳರ ಕೈಗೆ. ಟ್ರಾಫಿಕ್ ದಂಡದ ಚಲನ್ ಅಂತಲೂ ಇದೇ ಬರುತ್ತದೆ. ಗೊತ್ತಿರುವವರ ನಂಬರಿನಿಂದಲೇ ಬರಬಹುದು, ಅವರ ಫೋನು ಮೊದಲೇ ಬಲಿಯಾಗಿರುತ್ತದೆ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕಂಪ್ಯೂಟರಿನಲ್ಲಿ ಈ ಆಟ ಹಳೆಯದು. 2000ದ ಮೇ ತಿಂಗಳಿನಲ್ಲಿ 'ಐ ಲವ್ ಯೂ' ಎಂಬ ವೈರಸ್ ಪ್ರಪಂಚ ಸುತ್ತಿತಲ್ಲ, ಅದು ಬಂದದ್ದು ಪ್ರೇಮಪತ್ರದ ಹೆಸರಿನಲ್ಲಿ. ಹೆಸರಿನ ಕೊನೆಗೆ ಟಿಎಕ್ಸ್‌ಟಿ, ಅದರ ಹಿಂದೆ ಇನ್ನೊಂದು ಬಾಲ, ವಿಬಿಎಸ್, ಅಂದರೆ ಓಡುವ ಪ್ರೋಗ್ರಾಂ. ವಿಂಡೋಸ್ ಕೊನೆಯ ಬಾಲವನ್ನು ಮುಚ್ಚಿಟ್ಟಿದ್ದರಿಂದ ಜನರಿಗೆ ಕಂಡದ್ದು ಬರೀ ಟಿಎಕ್ಸ್‌ಟಿ. ಬಾಲ ಮುಚ್ಚಿಡುವುದರ ಮೇಲೆ ನನಗೆ ಯಾಕೆ ಸಿಟ್ಟು ಅಂತ ಈಗ ತಿಳಿಯಿತಲ್ಲ? ಪಿಡಿಎಫ್ ಆದಮೇಲೆ ಇಎಕ್ಸ್‌ಇ, ಎಸ್‌ಸಿಆರ್, ಜೆಎಸ್ ಇಂಥವು ಇದ್ದರೆ ಮುಟ್ಟಬೇಡಿ. ಆನ್‌ಲೈನ್ ಕನ್ವರ್ಟರುಗಳಿಗೂ ಆಧಾರ್, ಪಹಣಿ, ಬ್ಯಾಂಕ್ ಕಾಗದ ಇರುವ ಫೈಲನ್ನು ಏರಿಸಬೇಡಿ. ಹಳೇ ಕರಪತ್ರವಾದರೆ ಪರವಾಗಿಲ್ಲ.

ಕೊನೆಗೆ 'ಅಜ್ಜಿ'. ಪಿ, ಕೆ ಅನ್ನುವ ಎರಡಕ್ಷರವನ್ನು ನೀವೇ ನೋಡಿದ್ದೀರಿ, ಅರ್ಧ ಕೆಲಸ ಮುಗಿದಿದೆ. ಅದು ಫಿಲ್ ಕಾಟ್ಜ್ ಅನ್ನುವವರ ಹೆಸರು. 1989ರಲ್ಲಿ ಜಿಪ್ ಫೈಲಿನ ಬಗೆಯನ್ನು ತಂದವರು. ಹಾಗಾಗಿ ಅಜ್ಜಿ ಒಂದು ಜಿಪ್ ಗಂಟು. ಹಾಗಂತ ಅದರ ಬಾಲವೂ ಜಿಪ್ ಅಂತಲೇ ಇದ್ದಿರಬೇಕು ಅಂತಿಲ್ಲ. 2007ರ ಆಫೀಸಿನಿಂದ ಈಚೆಗೆ ವರ್ಡಿನ ಡಿಒಸಿಎಕ್ಸ್, ಎಕ್ಸೆಲ್‌ನ ಎಕ್ಸ್‌ಎಲ್‌ಎಸ್‌ಎಕ್ಸ್, ಪವರ್‌ಪಾಯಿಂಟಿನ ಪಿಪಿಟಿಎಕ್ಸ್ ಎಲ್ಲವೂ ಒಳಗೆ ಜಿಪ್ಪೇ. ಇ-ಪುಸ್ತಕದ ಇಪಬ್ ಕೂಡ, ಮೇಲೆ ಹೇಳಿದ ಎಪಿಕೆ ಕೂಡ, ಕೋರಲ್‌ಡ್ರಾದ ಎಕ್ಸ್4 ಆವೃತ್ತಿಯಿಂದ ಈಚಿನ ಸಿಡಿಆರ್ ಕೂಡ.

ಕಾಪಿಯ ಮೇಲೆ ಬಲ ಗುಂಡಿ ಒತ್ತಿ 7-ಜಿಪ್‌ನಲ್ಲಿ 'ಓಪನ್ ಆರ್ಕೈವ್' ಅನ್ನಿ. ಒಳಗೆ ವರ್ಡ್ ಎಂಬ ಫೋಲ್ಡರ್ ಇದ್ದರೆ ಅದು ವರ್ಡ್ ಫೈಲು, ಮುಚ್ಚಿ, ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಡಿಒಸಿಎಕ್ಸ್ ಅಂತ ಸೇರಿಸಿ. ಎಕ್ಸ್‌ಎಲ್ ಎಂಬ ಫೋಲ್ಡರ್ ಇದ್ದರೆ ಎಕ್ಸ್‌ಎಲ್‌ಎಸ್‌ಎಕ್ಸ್, ಪಿಪಿಟಿ ಎಂಬುದಿದ್ದರೆ ಪಿಪಿಟಿಎಕ್ಸ್. ಕಂಟೆಂಟ್ ಎಂಬ ಫೋಲ್ಡರಿದ್ದು ಅದರಲ್ಲಿ ರಿಫ್‌ಡೇಟಾ ಅಥವಾ ರೂಟ್ ಅಂತ ಹೆಸರಿನ ಫೈಲು ಕಂಡರೆ ಸಿಡಿಆರ್. ಇವು ಯಾವುವೂ ಇಲ್ಲದೆ ನೇರವಾಗಿ ಫೋಟೋಗಳೇ ಕಂಡರೆ ನಿಮ್ಮ ಅದೃಷ್ಟ, ಹೊರಗೆ ಎಳೆದುಕೊಳ್ಳಿ ಸಾಕು. ಪಾಸ್‌ವರ್ಡ್ ಕೇಳಿದರೆ ಮಾತ್ರ ತಂದೆಯವರನ್ನೇ ಕೇಳಬೇಕು. ಅಂಗಡಿಯ ಫೋನ್ ನಂಬರನ್ನೇ ಪಾಸ್‌ವರ್ಡ್ ಇಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ, ಅದನ್ನೇ ಮೊದಲು ಹಾಕಿ ನೋಡಿ.

ವರ್ಡ್ ಫೈಲೇ ಆಗಿದ್ದು, ತೆರೆದಾಗ ಅಜ್ಜಿಯ ಹೆಸರಿನ ಜಾಗದಲ್ಲಿ ಮತ್ತೆ ಗೀಟಿನ ಎ, ಪೌಂಡ್ ಗುರುತು ಕಂಡರೆ ಏನು ಮಾಡಬೇಕು ಅಂತ ಈಗ ನಿಮಗೆ ಗೊತ್ತಿದೆ. ಮೊದಲು ನುಡಿ ಫಾಂಟ್ ಹಾಕಿ.